ರಸ್ತೆಯಲ್ಲಿ ಉಳಿಸಿದ ನಿಮಿಷ, ಮನೆಯಲ್ಲಿ ಕಳೆದ ಗಂಟೆ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದರಂತೆ ಹೃದಯಾಘಾತದ ಸುದ್ದಿ ಬಂದಾಗ ನಮ್ಮ ಕರಾವಳಿಯ ಮನೆಗಳಲ್ಲೂ ಭಯ ಹುಟ್ಟಿತ್ತು. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಅವರಲ್ಲಿ ಯುವಕರೂ ಇದ್ದರು ಎಂಬ ವರದಿ ಓದಿ ಜನ ತಪಾಸಣೆಗೆಂದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರಕಾರ ತನಿಖೆ ಮಾಡಿಸಿತು. ಹಾಸನದಲ್ಲಿ ಇಂಥ ಸಾವು ಅಸಹಜವಾಗಿ ಏರಿಲ್ಲ ಎಂದು ವರದಿ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಲಸಿಕೆಯ ಕಥೆಗೂ ಆಧಾರ ಸಿಗಲಿಲ್ಲ.

ಭಯ ಇಳಿಯಿತು, ಮಾತೂ ನಿಂತಿತು. ಆದರೆ ಕೇಳಬೇಕಾದ ಪ್ರಶ್ನೆ ಹಾಗೇ ಉಳಿದಿದೆ. ಎದೆನೋವು ಶುರುವಾದ ಹೊತ್ತಿನಿಂದ ಚಿಕಿತ್ಸೆ ಸಿಗುವ ಹೊತ್ತಿನ ತನಕ ರೋಗಿಯ ಸಮಯ ಎಲ್ಲಿ ಕಳೆದುಹೋಗುತ್ತದೆ? ಅದು ಕಳೆದುಹೋಗುವ ಜಾಗ ಮೂರು: ಮನೆ, ರಸ್ತೆ, ಆಸ್ಪತ್ರೆಯ ಬಾಗಿಲು.

ರಸ್ತೆಯ ವಿಷಯದಲ್ಲಿ ನಾವು ಹೆಮ್ಮೆಪಡಬಹುದು. 2020ರ ಫೆಬ್ರವರಿಯಲ್ಲಿ 40 ದಿನದ ಹಸುಗೂಸನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವಕ್ಕೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ್ದು ರಾಜ್ಯಕ್ಕೇ ಗೊತ್ತು. ಊರೂರಿನ ಹುಡುಗರು ಜಾತಿ ಧರ್ಮ ನೋಡದೆ ರಸ್ತೆಗಿಳಿದು ಝೀರೋ ಟ್ರಾಫಿಕ್ ಮಾಡಿಕೊಟ್ಟರು. 2008ರ ನವೆಂಬರ್ 1ರಿಂದ 108 ಸೇವೆ ಇದೆ. ಅದರ ಜೊತೆಗೆ ಸಂಘಟನೆಗಳ, ಜಮಾಅತ್‌ಗಳ ಆಂಬುಲೆನ್ಸ್‌ಗಳೂ ಓಡುತ್ತಿವೆ.

ಆಸ್ಪತ್ರೆಯ ಬಾಗಿಲಿನಲ್ಲಿ ತೊಂದರೆ ಇಲ್ಲವೆನ್ನಲಾಗದು. ಅಡ್ವಾನ್ಸ್ ಕಟ್ಟಿ ಎಂಬ ಮಾತು ಕೇಳಿ ಬೆವರುವವರು ಈಗಲೂ ಇದ್ದಾರೆ. ಆದರೆ ಅಲ್ಲಿ ಕಾನೂನು ನಮ್ಮ ಕಡೆಗಿದೆ. ತುರ್ತಾಗಿ ಬಂದವರ ಜೀವ ಉಳಿಸುವುದೇ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತುರ್ತು ಚಿಕಿತ್ಸೆಗೆ ಮುಂಗಡ ಹಣ ಕೊಡಲೇಬೇಕೆಂದು ಪಟ್ಟುಹಿಡಿಯಬಾರದು ಎಂದು ಖಾಸಗಿ ಆಸ್ಪತ್ರೆಗಳ ಕುರಿತ ರಾಜ್ಯದ ಕಾಯ್ದೆಯಲ್ಲೂ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಎಂದು ಪಟ್ಟಿ ಮಾಡಿದ ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಬೇಡ. ಅಪಘಾತದ ಗಾಯಾಳುವನ್ನು ಕರಕೊಂಡು ಹೋದವರನ್ನು ಸತಾಯಿಸುವಂತಿಲ್ಲ, ಅದಕ್ಕೂ ಕಾಯ್ದೆ ಬಂದಿದೆ.

ಉಳಿದದ್ದು ಮನೆ. ಅಲ್ಲಿ ಯಾವ ಕಾಯ್ದೆಯೂ ನಡೆಯುವುದಿಲ್ಲ.

ರಾತ್ರಿ ಊಟವಾದ ಮೇಲೆ ಎದೆ ಹಿಡಿದಂತಾಗುತ್ತದೆ. 'ಗ್ಯಾಸ್ ಇರ್ಬೇಕು' ಎಂದು ಜೀರಿಗೆ ನೀರು ಕುಡಿಸುತ್ತಾರೆ. ಮೈ ಬೆವರುತ್ತದೆ, ಸೋಡಾ ತರಿಸುತ್ತಾರೆ. ಸುಬ್‌ಹಿಯವರೆಗೆ ನೋಡೋಣ ಎನ್ನುತ್ತಾರೆ. ರೋಗಿ ಹೆಂಗಸಾದರೆ ಇನ್ನೂ ಒಂದು ಸುತ್ತು ಹೆಚ್ಚು. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇರುತ್ತಾನೆ, ಡ್ಯೂಟಿಯಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಆಮೇಲೆ ಮೈದುನನಿಗೆ ಫೋನ್, ಅಣ್ಣನಿಗೆ ಫೋನ್. ಯಾವ ಆಸ್ಪತ್ರೆ, ಹಣ ಎಲ್ಲಿಂದ, ಜೊತೆಗೆ ಯಾರು ಹೋಗುವುದು, ಮಕ್ಕಳನ್ನು ಯಾರು ನೋಡುವುದು ಎಂದು ಮಾತು ಬೆಳೆಯುತ್ತದೆ. ಅಷ್ಟರಲ್ಲಿ ಉಮ್ಮನೇ 'ನನಗೇನೂ ಆಗಿಲ್ಲ, ಬೆಳಿಗ್ಗೆ ಸರಿಯಾಗ್ತದೆ' ಎಂದು ಮಲಗಿಬಿಡುತ್ತಾರೆ.

ಹೃದಯದ ರಕ್ತನಾಳ ಕಟ್ಟಿದ ಮೇಲೆ ಅದರ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ನೋವು ಎದೆಯಲ್ಲೇ ಬರಬೇಕೆಂದಿಲ್ಲ. ದವಡೆ, ಭುಜ, ಬೆನ್ನಿನಲ್ಲೂ ಬರಬಹುದು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಏದುಸಿರು, ವಾಕರಿಕೆ, ಕಾರಣವಿಲ್ಲದ ಸುಸ್ತಾಗಿಯೂ ಕಾಣಿಸಬಹುದು. ಪಾರ್ಶ್ವವಾಯುವಿನ ಲೆಕ್ಕ ಇನ್ನೂ ಬಿಗಿ. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ಮೊದಲ ನಾಲ್ಕೂವರೆ ಗಂಟೆ ಮಾತ್ರ. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ರೋಗಿ ಕೊನೆಗೆ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ವೈದ್ಯರು ಕೇಳಿದಾಗ ಉತ್ತರ ನಮ್ಮಲ್ಲಿರಬೇಕು.

ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಎಂಬ ಕಾರಣಕ್ಕೆ ಬೆಳಗಾಗುವುದನ್ನು ಕಾಯಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ತಜ್ಞರಿಗೆ ತೋರಿಸಿ, ಹೊರಗೆ ಹತ್ತಾರು ಸಾವಿರ ಬೆಲೆಯ ಇಂಜೆಕ್ಷನ್ ಉಚಿತವಾಗಿ ಕೊಟ್ಟು ಮುಂದೆ ಕಳಿಸುತ್ತಾರೆ. ನಮ್ಮ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವರದಿಯನ್ನು ವಾಟ್ಸ್‌ಆ್ಯಪ್‌ನಲ್ಲೇ ತಜ್ಞರು ನೋಡುವ ವ್ಯವಸ್ಥೆ ಮಾಡಿದ್ದಾರೆ. ಗ್ಯಾಸ್ ಹೌದೋ ಅಲ್ಲವೋ ಎಂದು ಇಸಿಜಿ ನೋಡಿ ವೈದ್ಯರು ಹೇಳಲಿ. ಅದು ಅಡುಗೆಮನೆಯಲ್ಲಿ ತೀರ್ಮಾನವಾಗುವ ವಿಷಯವಲ್ಲ.

ದೀನಿನ ಹೆಸರಿನಲ್ಲಿ ತಡವಾಗುವುದೂ ಇದೆ. ಇಂಥ ಹೊತ್ತಿನಲ್ಲಿ ನೀರು ಓದಿಸಿಕೊಂಡು ಹೋಗಲು ಉಸ್ತಾದರ ಬಳಿಗೆ ಬರುವವರಿದ್ದಾರೆ. ದುಆ ಮಾಡಿಸಿ, ಖಂಡಿತ ಮಾಡಿಸಿ. ಆದರೆ ಗಾಡಿ ಹೊರಡಲಿ, ಫೋನ್ ಮಾಡಿದರೂ ದುಆ ಮಾಡುತ್ತೇವೆ. ಪಾರ್ಶ್ವವಾಯು ಆದವರಿಗೆ ನುಂಗಲು ಆಗದಿರಬಹುದು, ನೀರು ಶ್ವಾಸಕ್ಕೆ ಹೋದರೆ ಅಪಾಯ. ಅವರ ಬಾಯಿಗೆ ಯಾವ ನೀರನ್ನೂ ಹಾಕಬೇಡಿ. ಮಹ್ರಮ್ ಬರಲಿ ಎಂದು ಜೀವ ಹೋಗುವ ಹೊತ್ತಿನಲ್ಲಿ ಕಾಯುವುದು ದೀನ್ ಅಲ್ಲ. ಅನಿವಾರ್ಯದಲ್ಲಿ ನಿಷಿದ್ಧಕ್ಕೂ ಸಡಿಲಿಕೆ ಇದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಉಪವಾಸ ಜೀವಕ್ಕೆ ಅಪಾಯ ತರುವಂತಿದ್ದರೆ ಅದನ್ನು ಬಿಡಲೇಬೇಕು, ಮಗ್ರಿಬ್ ತನಕ ಸಹಿಸಬೇಕಾಗಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಇಡಿ ಎಂಬ ಪಾಠವನ್ನು ಮದ್ರಸದ ಮಕ್ಕಳೂ ಬಲ್ಲರು.

ಆದ್ದರಿಂದ ಎರಡು ಕೆಲಸ ಆಗಬೇಕು. ಜಮಾಅತ್ ಕಮಿಟಿಗಳು ಒಂದು ಜುಮಾದಲ್ಲಿ ಈ ಲಕ್ಷಣಗಳನ್ನು ಹೇಳಿಸಲಿ. ರಾತ್ರಿ ಗಾಡಿ ತೆಗೆಯಬಲ್ಲ ನಾಲ್ಕು ಮಂದಿಯ ನಂಬರನ್ನು ಮೊಹಲ್ಲಾದ ಪ್ರತಿ ಮನೆಗೂ ಮುಟ್ಟಿಸಲಿ, ಹೆಂಗಸರ ಜೊತೆ ಹೋಗಬಲ್ಲ ಇಬ್ಬರು ಸಹೋದರಿಯರ ನಂಬರೂ ಅದರಲ್ಲಿರಲಿ.

ಎರಡನೆಯದು ಗಲ್ಫ್‌ನಲ್ಲಿರುವ ಸಹೋದರರಿಗೆ. ಈ ವಾರ ಮನೆಗೆ ಫೋನ್ ಮಾಡಿದಾಗ ಹೆಂಡತಿಗೂ ಉಮ್ಮನಿಗೂ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡಿ: 'ಅಂಥದ್ದೇನಾದರೂ ಆದರೆ ನನ್ನನ್ನು ಕೇಳಲು ಕಾಯಬೇಡಿ. ಮೊದಲು 108ಕ್ಕೆ ಮಾಡಿ, ಆಸ್ಪತ್ರೆ ಮುಟ್ಟಿದ ಮೇಲೆ ನನಗೆ ಮಾಡಿ.'