ಕೊಪಣನಾಡಿನ ದನಿ, ಅಂತರ್ಜಾಲದ ಅಕ್ಷರ

ಅಂತರ್ಜಾಲದ ವಿಚಾರ ಬಂದಾಗಲೆಲ್ಲ ನಮ್ಮ ಸುಶಿಕ್ಷಿತರಲ್ಲಿ ಒಂದು ಗೊಣಗಾಟ ಕೇಳಿಬರುತ್ತದೆ: ಮೊಬೈಲು ಬಂದು ಓದು ಕೆಟ್ಟಿತು, ಪತ್ರವ್ಯವಹಾರ ನಿಂತಿತು, ಹುಡುಗರು ಪುಸ್ತಕ ಮುಟ್ಟುವುದಿಲ್ಲ ಎಂದು. ಮನೆತುಂಬ ಪುಸ್ತಕಗಳಿದ್ದ ಊರುಗಳಿಗೆ ಈ ದೂರು ಒಪ್ಪೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಿಗೆ ಇದನ್ನು ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಕೆಡುವಷ್ಟು ಓದಿನ ಸೌಕರ್ಯ ಇಲ್ಲಿ ಇದ್ದುದಾದರೂ ಯಾವಾಗ?

1948ರವರೆಗೆ ಈ ಪ್ರದೇಶ ನಿಜಾಮ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಮೇಲ್ತರಗತಿಗಳ ಭಾಷೆಯೂ ಉರ್ದುವೇ. ಕನ್ನಡದಲ್ಲಿ ಕಲಿಯಬೇಕೆಂದವರು ಮಠಗಳನ್ನೋ ಖಾಸಗಿ ಶಾಲೆಗಳನ್ನೋ ಆಶ್ರಯಿಸಬೇಕಾಗಿತ್ತು. 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 68ರಷ್ಟು. ಹೆಂಗಸರಲ್ಲಿ ಅದು 60ನ್ನೂ ಮುಟ್ಟಿರಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅಪ್ಪಟ ಕನ್ನಡದ ಸೀಮೆಯನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಹೇಳುತ್ತಾರೆ. ಅಂಥ ನಾಡಿನ ಜನರಿಗೆ ತಮ್ಮ ನುಡಿಯ ಅಕ್ಷರ ಕೈಗೆ ಸಿಕ್ಕಲು ಇಷ್ಟು ಕಾಲ ಹಿಡಿಯಿತು.

ಅವರ ಕೈಗೆ ಈಗ ಮೊಬೈಲು ಬಂದಿದೆ. ಅದು ಅವರಿಗೆ ಮೊದಲು ಕೊಟ್ಟದ್ದು ಅಕ್ಷರವನ್ನಲ್ಲ, ದನಿಯನ್ನು. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯಿಂದ ಗುಳೆ ಹೋಗುವವರನ್ನು ನೋಡಿ. ಮಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೋ ಮಂಗಳೂರಿಗೋ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಓದುಬರಹ ಬಾರದ ತಾಯಿ ಹಿಂದೆ ಕಾಗದ ಹಾಕಬೇಕಾದರೆ ಯಾರಾದರೂ ಬಲ್ಲವರನ್ನು ಬೇಡಿಕೊಳ್ಳಬೇಕಾಗಿತ್ತು. ಅವರು ಬರೆಯುತ್ತಿದ್ದುದೂ ‘ಇತ್ತ ಎಲ್ಲರೂ ಕ್ಷೇಮ’ ಎಂಬ ಪಡಿಯಚ್ಚಿನ ಮಾತನ್ನೇ. ಈಗ ಅವಳು ವಾಟ್ಸಾಪಿನಲ್ಲಿ ಗುಂಡಿಯೊತ್ತಿ ಹಿಡಿದು, “ಉಂಡೀಯೇನಪಾ? ಸಾಲಿಗಿ ಹೋಗಿದ್ದ್ಯೋ ಇಲ್ಲೋ?” ಎಂದು ತನ್ನ ಮಾತಿನಲ್ಲಿಯೇ ಕೇಳುತ್ತಾಳೆ. ಪಠ್ಯಪುಸ್ತಕ ಎಂದೂ ಒಪ್ಪದ ಈ ನುಡಿ ಯಾರ ತಿದ್ದುಪಡಿಯೂ ಇಲ್ಲದೆ ನೂರಾರು ಮೈಲಿ ದಾಟಿ ಮಗುವಿನ ಕಿವಿಗೆ ಮುಟ್ಟುತ್ತದೆ. ಪತ್ರಸಾಹಿತ್ಯ ಅಳಿಯಿತೆಂದು ಮರುಗುವವರು ಇದನ್ನೊಂದು ಸಲ ಕೇಳಬೇಕು.

ಸಂಪರ್ಕದ ಮಾತು ಇದಾಯಿತು. ಕಲಿಕೆಯ ಕಥೆ ಇಷ್ಟು ಸರಳವಾಗಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಸರಕಾರ ‘ವಿದ್ಯಾಗಮ’ವನ್ನು ತಂದಿತು. ಅಂತರ್ಜಾಲವುಳ್ಳ ಮೊಬೈಲು ಇರುವವರು, ಬರಿಯ ಮೊಬೈಲು ಇರುವವರು, ಯಾವುದೂ ಇಲ್ಲದವರು ಎಂದು ಅಂದು ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು. ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಪಾಠ ನಡೆಯಿತು. ಜಾತಿ, ವರ್ಗಗಳ ಜೊತೆಗೆ ಹೊಸದೊಂದು ಶ್ರೇಣಿ ನಮ್ಮ ಶಾಲೆಯೊಳಗೆ ಹೊಕ್ಕಿತು. ಮನೆಗೆ ಒಂದೇ ಮೊಬೈಲು ಇದ್ದಲ್ಲಿ ಅದು ಅಣ್ಣನ ಕೈಯಲ್ಲಿರುತ್ತದೆಯೇ ತಂಗಿಯ ಕೈಯಲ್ಲಿರುತ್ತದೆಯೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಿರಲಿ, ಮೊಬೈಲು ಕೈಗೆ ಬಂದ ಮೇಲಿನ ಕಷ್ಟವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಗಂಗಾವತಿಯ ಕಾಲೇಜಿನ ವಿದ್ಯಾರ್ಥಿಯೊಬ್ಬ ರಸಾಯನಶಾಸ್ತ್ರದ ಸಂದೇಹವೊಂದನ್ನು ಹುಡುಕಲಿ. ಉತ್ತರ ಸಿಕ್ಕುವುದು ಬಹುಪಾಲು ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ. ಕನ್ನಡದ ವಿಡಿಯೋ ಸಿಕ್ಕರೂ ಕೇಳಿ ಮುಂದೆ ಹೋಗಬಹುದೇ ಹೊರತು, ನಿಂತು, ಹಿಂದಿನ ಸಾಲಿಗೆ ಮರಳಿ, ಗುರುತು ಹಾಕಿ ಓದುವಂತಿಲ್ಲ. ವಿಕಿಪೀಡಿಯದ ಕನ್ನಡ ಆವೃತ್ತಿ 2003ರಲ್ಲಿಯೇ ಆರಂಭವಾಯಿತು; ಇಂದು ಅದರಲ್ಲಿ ಮೂವತ್ತು ಸಾವಿರಕ್ಕೆ ಮೇಲ್ಪಟ್ಟು ಲೇಖನಗಳಿವೆ. ಇಂಗ್ಲಿಷಿನ ಆವೃತ್ತಿಯಲ್ಲಿ 65 ಲಕ್ಷವನ್ನು ಮೀರಿವೆ. ಅಕ್ಷರ ಮೂಡಿಸುವ ಸಾಧನವಿಲ್ಲವೆಂಬ ನೆಪ ಈಗ ನಡೆಯದು. ಕೆ. ಪಿ. ರಾಯರು ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು, 1998ರಲ್ಲಿ ‘ಬರಹ’ ಬಂದಿತು, ಆಮೇಲೆ ‘ನುಡಿ’ ಬಂದಿತು. ಯೂನಿಕೋಡಿನಿಂದಾಗಿ ಇಂದು ಪ್ರತಿ ಮೊಬೈಲಿನಲ್ಲಿಯೂ ಕನ್ನಡವಿದೆ. ಸಾಧನವಿದೆ, ಬರೆಯುವವರಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುವ ಹೊಸ ಯಂತ್ರಗಳು ಈಚೆಗೆ ಬಂದಿವೆಯಷ್ಟೆ. ಅವೂ ಬಹುಮಟ್ಟಿಗೆ ಯಾರೋ ಬರೆದಿಟ್ಟುದರಿಂದಲೇ ಕಲಿಯುತ್ತವೆ. ತಾಯಿಯ ದನಿಸಂದೇಶ ಮಗನನ್ನು ಮುಟ್ಟಿ ಅಲ್ಲಿಗೇ ನಿಲ್ಲುತ್ತದೆ, ನಿಲ್ಲಬೇಕಾದದ್ದೂ ಸರಿಯೆ. ಊರಿನ ತಿಳಿವಳಿಕೆಯೂ ಹಾಗೆಯೇ ಬಾಯಿಂದ ಕಿವಿಗೆ ಮುಟ್ಟಿ ನಿಂತರೆ, ಕಲಿಯಲು ಹೊರಟ ಮಗು ಕನ್ನಡವನ್ನು ಬಿಟ್ಟೇ ಹೊರಡಬೇಕಾಗುತ್ತದೆ.

ಕೊಪ್ಪಳ ತಾಲ್ಲೂಕಿನ ಕಿನ್ನಾಳವನ್ನು ತೆಗೆದುಕೊಳ್ಳೋಣ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆ ಕಡೆಯುತ್ತಾರೆ. ಮರದ ಹೊಟ್ಟು, ಹುಣಿಸೆಬೀಜದ ಅಂಟು ಸೇರಿಸಿದ ಕಿಟ್ಟದಿಂದ ಅಂಗಗಳನ್ನು ಕೂಡಿಸುತ್ತಾರೆ. ಕಲ್ಲಿನ ಪುಡಿಗೆ ಗೋಂದು ಬೆರೆಸಿ ಆಭರಣಗಳ ಉಬ್ಬನ್ನು ಎತ್ತುತ್ತಾರೆ. ಅದರ ಮೇಲೆ ಬಣ್ಣ ಬರುತ್ತದೆ. ಎಷ್ಟು ಹುಣಿಸೆಬೀಜಕ್ಕೆ ಎಷ್ಟು ಹೊಟ್ಟು, ಎಷ್ಟು ದಿನದ ಒಣಗು, ಕೆಲಸದ ಒಂದೊಂದು ಹದಕ್ಕೂ ಅವರ ಮಾತಿನಲ್ಲಿ ಏನು ಹೆಸರು, ಇದೆಲ್ಲ ಅವರ ಬಾಯಲ್ಲಿದೆ. ಇದನ್ನು ಬರೆಯಲು ರಾಜಧಾನಿಯಿಂದ ಯಾರೂ ಬರಬೇಕಾಗಿಲ್ಲ. ಕೊಪ್ಪಳದ ಪದವಿ ತರಗತಿಯ ಇಬ್ಬರು ವಿದ್ಯಾರ್ಥಿಗಳು ಬರುವ ರವಿವಾರ ಹೋಗಿ ಕುಳಿತು, ಹಿರಿಯರು ಹೇಳಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಸೋಮವಾರ ಅಕ್ಷರಕ್ಕಿಳಿಸಲಿ. ಅವರ ಅಧ್ಯಾಪಕರು ಅದನ್ನು ತಿದ್ದಿಕೊಡಲಿ. ತಿದ್ದುವಾಗ ಆ ಹಿರಿಯರ ಮಾತುಗಳನ್ನು ಮಾತ್ರ ದಯವಿಟ್ಟು ಹಾಗೆಯೇ ಬಿಡಲಿ.