ಪಿಟೀಲು ಕಲಿತರೆ ಗಣಿತದ ಅಂಕ ಏರುತ್ತದೆಯೇ?

‘ಏಕಾಗ್ರತೆ ಹೆಚ್ಚುತ್ತದೆ, ಗಣಿತ ಸುಲಭವಾಗುತ್ತದೆ.’ ಮಕ್ಕಳ ಸಂಗೀತ ತರಗತಿಗಳ ಜಾಹೀರಾತುಗಳಲ್ಲಿ ಇಂಥ ಭರವಸೆ ಸಾಮಾನ್ಯ. ಅದನ್ನು ನಂಬಿ ಮಗುವನ್ನು ಪಿಟೀಲು ಪಾಠಕ್ಕೆ ಸೇರಿಸುವ ಪೋಷಕರೇ, ಮಗು ಒಂಬತ್ತನೇ ತರಗತಿಗೆ ಬಂದ ಕೂಡಲೇ ಪಾಠ ಬಿಡಿಸಿ ಟ್ಯೂಷನ್‌ಗೆ ಕಳಿಸುತ್ತಾರೆ. ಸೇರಿಸುವುದೂ ಅಂಕಕ್ಕಾಗಿ, ಬಿಡಿಸುವುದೂ ಅಂಕಕ್ಕಾಗಿ. ಹಾಗಾದರೆ ಈ ಭರವಸೆಯಲ್ಲಿ ಹುರುಳೆಷ್ಟು?

1993ರಲ್ಲಿ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿ ಒಂದು ಪರೀಕ್ಷೆ ನಡೆಸಿದರು. ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಸಾಮರ್ಥ್ಯ ಸ್ವಲ್ಪ ಹೆಚ್ಚಿದ್ದು ಕಂಡಿತು. ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಅಷ್ಟಕ್ಕೇ ‘ಮೊಜಾರ್ಟ್ ಎಫೆಕ್ಟ್’ ಎಂಬ ಹೆಸರು ಬಂತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ನವಜಾತ ಶಿಶುಗಳಿಗೆಲ್ಲ ಶಾಸ್ತ್ರೀಯ ಸಂಗೀತದ ಸಿ.ಡಿ. ಹಂಚಲು ಹಣ ಕೇಳಿದರು. ಆದರೆ ಮೂಲ ಪ್ರಯೋಗದಲ್ಲಿ ಒಂದು ಶಿಶುವೂ ಇರಲಿಲ್ಲ!

ಕೇಳುವುದು ಬೇರೆ, ಕಲಿಯುವುದು ಬೇರೆ ನಿಜ. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ವರ್ಷದ 144 ಮಕ್ಕಳಿದ್ದರು. ಕೀಬೋರ್ಡ್ ಅಥವಾ ಗಾಯನ ಕಲಿತವರ ಐಕ್ಯೂ ಉಳಿದವರಿಗಿಂತ ಸ್ವಲ್ಪ ಹೆಚ್ಚು ಏರಿತ್ತು. ಆದರೆ 2020ರಲ್ಲಿ ಸಾಲಾ ಮತ್ತು ಗೋಬೆ ಎಂಬ ಸಂಶೋಧಕರು ಇಂಥ 54 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಪ್ರಯೋಗ ಕಟ್ಟುನಿಟ್ಟಾದಷ್ಟೂ ಲಾಭ ಸೊನ್ನೆಗೆ ಹತ್ತಿರವಾಗುತ್ತಿತ್ತು. ಅಂದರೆ, ಪಿಟೀಲು ಹಿಡಿದ ಮಾತ್ರಕ್ಕೆ ಬೀಜಗಣಿತ ತಾನಾಗಿ ಬರುವುದಿಲ್ಲ.

ಹಾಗೆಂದು ಪಿಟೀಲಿಗೂ ಶಾಲೆಯ ಪಾಠಕ್ಕೂ ನಂಟಿಲ್ಲವೇ? ಖಂಡಿತ ಇದೆ. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಕಂಪನದ ಆವೃತ್ತಿ ಎರಡರಷ್ಟಾಗಿ ತಾರಷಡ್ಜ ಕೇಳುತ್ತದೆ. ಮೂರರಲ್ಲಿ ಎರಡು ಭಾಗ ಕಂಪಿಸಲು ಬಿಟ್ಟರೆ ಪಂಚಮ. ಪಿಯುಸಿಯಲ್ಲಿ ನಾವು ಸೂತ್ರವಾಗಿ ಬಾಯಿಪಾಠ ಮಾಡುವ ವಿಲೋಮ ಅನುಪಾತ ಇದೇ. ಆದಿತಾಳದ 8 ಎಣಿಕೆಗಳಿಗೆ ತಲಾ 4ರಂತೆ 32 ಮಾತ್ರೆ. ಐದೈದರ ಐದು ಗುಂಪು ನುಡಿಸಿ ಮತ್ತೆ ಸಮಕ್ಕೆ ಬರಬೇಕಾದರೆ ಉಳಿದದ್ದೆಷ್ಟು? ಏಳು. ಗುಣಿಸಿ ಕಳೆಯುವುದು ಎಂದರೇನೆಂದು ಆ ಮಗುವಿಗೆ ಬೆರಳಲ್ಲೇ ಗೊತ್ತಾಗುತ್ತದೆ. ಕನ್ನಡ ಪಾಠದ ಲಘು–ಗುರುಗಳಿಗೂ ಇದೇ ಮಾತ್ರೆಯ ಲೆಕ್ಕ.

ತೊಡಕಿರುವುದು ಇಲ್ಲೇ. ಈ ನಂಟನ್ನು ಯಾರಾದರೂ ತೋರಿಸಿಕೊಡಬೇಕು. ಸಂಗೀತದ ಮೇಷ್ಟ್ರು ಅನುಪಾತದ ಮಾತೆತ್ತುವುದಿಲ್ಲ, ಭೌತಶಾಸ್ತ್ರದ ಮೇಷ್ಟ್ರು ತಂತಿ ಮೀಟುವುದಿಲ್ಲ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ತಲುಪಿಸಲು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು. ಅದು ಸಂಗೀತವೂ ಹೌದು, ಎಂಜಿನಿಯರಿಂಗ್ ಕೂಡ ಹೌದು. ನಮ್ಮ ವೇಳಾಪಟ್ಟಿಯಲ್ಲಿ ಮಾತ್ರ ಇವೆರಡೂ ಮುಖಾಮುಖಿಯಾಗುವುದೇ ಇಲ್ಲ.

ಇನ್ನೊಂದು ಪಾಠವನ್ನು ಪಿಟೀಲೇ ಕಲಿಸುತ್ತದೆ. ವೀಣೆಗಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ತಪ್ಪನ್ನು ಅಂಕಪಟ್ಟಿ ಬರುವವರೆಗೆ ಕಾಯದೆ ಆ ಕ್ಷಣವೇ ಕೇಳಿಸಿಕೊಂಡು ತಿದ್ದಬೇಕು. ಕಷ್ಟದ ಸಾಲನ್ನು ಬಿಡಿಸಿ, ನಿಧಾನವಾಗಿ ನುಡಿಸಿ, ಆಮೇಲೆ ವೇಗ ಹೆಚ್ಚಿಸಬೇಕು. ಈ ಕ್ರಮವನ್ನು ಪಾಠದ ಪುಸ್ತಕಕ್ಕೂ ಅನ್ವಯಿಸಿಕೊಳ್ಳಲು ಹೇಳಿಕೊಟ್ಟರೆ, ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಕಲೆ–ವಿಜ್ಞಾನ, ಪಠ್ಯ–ಪಠ್ಯೇತರ ಎಂಬ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನಮ್ಮ ರಾಜ್ಯದ್ದೇ ನೀತಿಗಾಗಿ ರಚಿಸಿದ್ದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ನೀತಿ ಯಾವುದೇ ಇರಲಿ, ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲಿ ಅದು ಕಾಗದವಾಗಿಯೇ ಉಳಿಯುತ್ತದೆ. ಮಗು ಬೆಳೆದಂತೆ ಅರ್ಧ, ಮುಕ್ಕಾಲು, ಪೂರ್ಣ ಅಳತೆಯೆಂದು ಪಿಟೀಲನ್ನೂ ಬದಲಾಯಿಸಬೇಕು. ದಿನಗೂಲಿ ಮಾಡುವ ಮನೆಗೆ ಇದು ಸಾಧ್ಯವೇ? ಹಳ್ಳಿಯ ಶಾಲೆಗೆ ಸಂಗೀತ ತಲುಪದಿದ್ದರೆ ಅದು ಶುಲ್ಕ ಕಟ್ಟಬಲ್ಲವರ ಸೊತ್ತಾಗಿಯೇ ಇರುತ್ತದೆ. ಹತ್ತಿರದ ಹತ್ತು ಶಾಲೆಗಳಿಗೆ ಒಬ್ಬ ಶಿಕ್ಷಕ, ಎರವಲು ಕೊಡಲು ಒಂದಷ್ಟು ವಾದ್ಯಗಳು, ಇಷ್ಟರಿಂದಲಾದರೂ ಸರ್ಕಾರ ಶುರುಮಾಡಬಹುದು.

ಅಂಕ ಹೆಚ್ಚಿಸುವ ಟಾನಿಕ್ ಎಂದು ಸಂಗೀತವನ್ನು ಮಾರಿದರೆ, ಅಂಕ ಬರದ ದಿನ ಅದನ್ನು ಕೈಬಿಡುವುದೂ ಸುಲಭ. ಗಣಿತವನ್ನು ಸಂಗೀತಕ್ಕೆ ನೆರವಾಗಲೆಂದು ಯಾರೂ ಕಲಿಸುವುದಿಲ್ಲ. ಸಂಗೀತಕ್ಕೂ ಅದೇ ಮರ್ಯಾದೆ ಸಿಗಲಿ. ಗೆಳೆಯರೇ, ನಮ್ಮಲ್ಲಿ ಒಂದಿಷ್ಟು ನುಡಿಸಲು, ಹಾಡಲು ಬಲ್ಲವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಶನಿವಾರ ಒಂದು ಗಂಟೆ ಸಮೀಪದ ಸರ್ಕಾರಿ ಶಾಲೆಗೆ ಹೋಗಿ, ಒಂದು ತಂತಿ ಮೀಟಿ, ಅರ್ಧಕ್ಕೆ ಒತ್ತಿ ತೋರಿಸೋಣ. ಭಿನ್ನರಾಶಿ ಎಂದರೆ ಹೆದರುವ ಮಕ್ಕಳು ಅದನ್ನು ಕಿವಿಯಾರೆ ಕೇಳಲಿ.