ಸುಟ್ಟ ಮೋಟಾರು, ಪಾಸಾದ ಮಗ



ನಿಮ್ಮ ಮಗ ಎಸ್ಸೆಸ್ಸೆಲ್ಸಿ ಪಾಸು, ವಿಜ್ಞಾನದಲ್ಲಿ ಎಪ್ಪತ್ತು ನಂಬರು ಅಂತಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂತು. ಮೋಟಾರು ಗುಂಯ್ ಅಂತಿದೆ, ತಿರುಗುತ್ತಿಲ್ಲ. ಹುಡುಗ ಸ್ಟಾರ್ಟರ್ ಬಾಕ್ಸು ನೋಡಿ ಏನಾಗಿದೆ ಅಂತ ಹೇಳಬಲ್ಲನೇ? ನಮ್ಮ ಮನೇಲಿ ಆಗಲಿಲ್ಲ. ಅವನನ್ನೇ ಯಾಕೆ ಅನ್ನಲಿ, ನನಗೂ ಆಗಲಿಲ್ಲ. ವೈಂಡಿಂಗಿಗೆ, ಬೋರಿನಿಂದ ಎತ್ತಿ ಇಳಿಸಿದ ಕೂಲಿಗೆ, ಗಾಡಿ ಬಾಡಿಗೆಗೆ ಸೇರಿ ಒಂಬತ್ತು ಸಾವಿರ. ಅಷ್ಟೂ ಕೈಸಾಲ. ಆರು ದಿನ ನೀರಿಲ್ಲದೆ ಒಣಗಿದ ಟೊಮ್ಯಾಟೊ ಲೆಕ್ಕ ಬೇರೆ.

ಆಗಿದ್ದಿಷ್ಟೇ: ಮೂರು ಫೇಸಿನಲ್ಲಿ ಒಂದು ಹೋಗಿತ್ತು. ಆಗ ನಿಂತ ಮೋಟಾರು ತಿರುಗೋದಿಲ್ಲ. ಓಡುತ್ತಿರುವ ಮೋಟಾರು ನಿಲ್ಲೋದಿಲ್ಲ, ಉಳಿದೆರಡು ಫೇಸಿನಿಂದ ಹೆಚ್ಚು ಕರೆಂಟು ಎಳೆಯುತ್ತದೆ. ಎರಡರಲ್ಲೂ ವೈಂಡಿಂಗ್ ಕಾದು ಸುಡುತ್ತದೆ. ಇದನ್ನು ತಡೆಯೋದಕ್ಕೇ ರಿಲೇ ಇರೋದು. ಪದೇ ಪದೇ ಟ್ರಿಪ್ ಆಗ್ತದೆ ಅಂತ ನಾವೇ ಅದನ್ನ ಕಿತ್ತು ನೇರ ವೈರು ಕೊಟ್ಟಿದ್ದೆವು. ಒಂದು ಪೀರಿಯಡ್ಡಿನಲ್ಲಿ ಹೇಳಿಕೊಡಬಹುದಾದ ಪಾಠ ಇದು.

ಹೇಳಿಕೊಡಬೇಕು ಅಂತ ದೊಡ್ಡವರು ಹೇಳದೇ ಇಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ, ಕೈಕಸುಬಿನ ಮೂಲಕವೇ ವಿದ್ಯೆ ಅಂದರು. 1966ರಲ್ಲಿ ಕೊಠಾರಿ ಆಯೋಗ 'ಕಾರ್ಯಾನುಭವ' ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಅಂತ ಹೊಸ ಹೆಸರಿಟ್ಟಿತು. ನಾನು ಓದುವಾಗ ಆ ಪೀರಿಯಡ್ಡು ಅಂದರೆ ಮೈದಾನದ ಕಲ್ಲು ಆಯೋದು, ಹೆಡ್ಮಾಸ್ಟರ ತೊಂಡೆ ಬಳ್ಳಿಗೆ ನೀರು ಹೊರೋದು. 2020ರ ಶಿಕ್ಷಣ ನೀತಿ, 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಅಂತ ಬರೆಯಿತು. ಆ ವರ್ಷವೂ ಕಳೀತು. ನಿಮ್ಮೂರ ಹೈಸ್ಕೂಲಿಗೆ ಹೋಗಿ ನೀವೇ ಎಣಿಸಿ.

ಇನ್ನೂ ಒಂದು ಕೇಳಿ. 2022ರಲ್ಲಿ ದೆಹಲಿಯ ಎನ್‌ಸಿಇಆರ್‌ಟಿಯವರು ಮಕ್ಕಳ ಹೊರೆ ಇಳಿಸುತ್ತೇವೆ ಅಂತ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಕೆಲವು ಭಾಗ ತೆಗೆದರು. ಏನು ತೆಗೆದರು ಗೊತ್ತೇ? ವಿದ್ಯುತ್ ಮೋಟಾರು, ಜನರೇಟರು! ಹೊರೆ ಇಳಿದದ್ದು ಯಾರದ್ದು ಸ್ವಾಮೀ? ಅದೇ ದೇಶದಲ್ಲಿ 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಅದರಲ್ಲಿ ತ್ರೀಡಿ ಪ್ರಿಂಟರೂ ಬರುತ್ತದೆ. ಬರಲಿ, ಬೇಡ ಅನ್ನೋದಿಲ್ಲ. ಅದರ ಪಕ್ಕದಲ್ಲೇ ಒಂದು ಸ್ಟಾರ್ಟರ್ ಬಾಕ್ಸು ಇಟ್ಟರೆ ಯಾರ ಗಂಟು ಹೋಗುತ್ತದೆ?

ಸರ್ಕಾರಕ್ಕೆ ಬೈದರೆ ಸಾಲದು. ಕೈಯಲ್ಲಿ ಸ್ಪ್ಯಾನರು ಹಿಡಿಯೋದು ಕೀಳು ಅನ್ನೋ ಬುದ್ಧಿ ನಮ್ಮಲ್ಲೇ ಇದೆ. ಕಬ್ಬಿಣದ ಕೆಲಸ ಕಮ್ಮಾರರದ್ದು, ಮರದ ಕೆಲಸ ಆಚಾರಿಗಳದ್ದು, ನಮ್ಮ ಮಗ ಕುರ್ಚಿ ಮೇಲೆ ಕೂರಬೇಕು ಅಂತ ಜಮೀನು ಅಡವಿಟ್ಟು ಸೀಟು ತಗೊಂಡೆವು. ಕುರ್ಚಿ ಎಷ್ಟು ಜನಕ್ಕೆ ಸಿಕ್ಕಿತು? ವಾಪಸು ಬಂದ ಹುಡುಗರು ಕಟ್ಟೆ ಮೇಲೆ ಕೂತಿದ್ದಾರೆ, ಸಾಲ ನಮ್ಮ ಪಹಣಿ ಮೇಲೆ ಕೂತಿದೆ.

ಶಾಲೆಯ ಎಸ್‌ಡಿಎಂಸಿಯಲ್ಲಿ ನಮ್ಮವರೇ ಇದ್ದೀರಿ. ಕಾಫಿ ಕುಡಿದು ರುಜು ಹಾಕಿ ಬರಬೇಡಿ. ವಾರಕ್ಕೆರಡು ಪೀರಿಯಡ್ಡು ಕೇಳಿ. ಮೊದಲು ಅರ್ಥಿಂಗ್ ಪಾಠ, ಮೇನ್ ಆಫ್ ಮಾಡದೆ ಕೈ ಇಡಬಾರದು ಅನ್ನೋ ಪಾಠ. ಆಮೇಲೆ ಸ್ಟಾರ್ಟರು, ಡ್ರಿಪ್ ಫಿಲ್ಟರು, ಸ್ಪ್ರೇಯರಿನ ವಾಷರು. ಹೆಣ್ಣುಮಕ್ಕಳಿಗೂ ಸೇರಿಸಿಯೇ, ರಾತ್ರಿ ಕರೆಂಟು ಕಾಯೋದು ಅವರೂ ತಾನೇ. ಕಲಿಸೋದಕ್ಕೆ ಮೇಷ್ಟರಿಲ್ಲ ಅಂದರೆ ಪೇಟೆಯ ವೈಂಡಿಂಗ್ ಅಂಗಡಿಯವನಿಗೆ ಗೌರವಧನ ಕೊಟ್ಟು ಕರೆಸಿ. ಅವನು ಏಳನೇ ಕ್ಲಾಸು ಅಂತ ಮೂಗು ಮುರಿಯಬೇಡಿ.

ಸಾಮಾನಿಗೆ ದುಡ್ಡಿಲ್ಲ ಅಂದಾರು. ನಮ್ಮ ಹಿತ್ತಲಲ್ಲಿ ಸುಟ್ಟ ಹಳೇ ಮೋಟಾರೊಂದು ಬಿದ್ದಿದೆ. ಬರುವ ತಿಂಗಳ ಸಭೆ ದಿನ ಗಾಡಿಯಲ್ಲಿ ಹಾಕಿಕೊಂಡು ಶಾಲೆಗೆ ತರುತ್ತೇನೆ. ನಿಮ್ಮನೇಲಿ ಇದ್ದರೆ ನೀವೂ ತನ್ನಿ.